ಉಡಚಪ್ಪ ತಂದ ಬಿಲ್ಲೆಗಳು

ಹಾನಗಲ್ಲ
೨೦ ಏಪ್ರಿಲ್ ೧೯೮೯

ಚಿ. ಸೌ. ಮಂಜವ್ವಳಿಗೆ,

ಹಾನಗಲ್ಲಿನಿಂದ ನಿನ್ನ ಅಣ್ಣ ಗಿರಿಯಪ್ಪನ ಆಶೀರ್ವಾದಗಳು. ನಿನ್ನ ಅತ್ತಿಗೆಯ ಮೊಣಕಾಲು ನೋವೊಂದನ್ನು ಬಿಟ್ಟರೆ ಇಲ್ಲಿ ಎಲ್ಲ ನೆಟ್ಟಗಿದೆ. ಹತ್ತಿಮತ್ತೂರಿನಲ್ಲಿ ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದದ್ದು ಹೋಳಿ ಹುಣ್ಣಿಮೆಗೆ. ಯುಗಾದಿ ಕಳೆದು ಈಗ ಉತ್ತರ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು. ಸಿಟ್ಟಿನಲ್ಲಿ ಬರೆದದ್ದನ್ನು ಪತ್ರಿಕೆಯವರಿಗೆ ಕಳಿಸಬಹುದು, ತಂಗಿಗೆ ಕಳಿಸಬಾರದು. ಎರಡು ಸಲ ಬರೆದು ಹರಿದು ಹಾಕಿದೆ.

ನಿನ್ನ ಲಕೋಟೆಯಲ್ಲಿ ಪತ್ರದ ಜೊತೆಗೆ ಒಂದು ಅರಿವೆಯ ಗಂಟು ಇತ್ತು. ಬಿಚ್ಚಿದರೆ ನಮ್ಮ ತಮ್ಮ ಉಡಚಪ್ಪ ಕೊಟ್ಟ ಕೆಂಪು ಬಿಲ್ಲೆ. ನೀನು ಬರೆದಿದ್ದೆ: ‘ಯಣ್ಣಾ, ಇದನ್ನ ವರದಾ ಹೊಳ್ಯಾಗ ಒಗದ ಬಿಡು. ತಂಗಿ ಗುತ್ತೆವ್ವನ ಮಗಳ ಲಗ್ನಕ್ಕ ನಾ ಬರಾಂಗಿಲ್ಲ. ಅಕಿಗೆ ತಮ್ಮ ಇದ್ದ, ನನಗ ಇದ್ದಿಲ್ಲ ಅಂತ ತಿಳಕೊಂಡೇನಿ.’ ಮಂಜವ್ವ, ನಮ್ಮ ಮನೆಯಲ್ಲಿ ಇಂಥ ಮಾತನ್ನು ಈವರೆಗೆ ಯಾರೂ ಆಡಿರಲಿಲ್ಲ. ಅದೂ ನೀನು ಬರೆದೆ. ಅವ್ವ ಹೊಲಕ್ಕೆ ಹೋದಾಗ ಉಡಚಪ್ಪನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು ನೀನೇ. ಅವನಿಗೆ ಮೈತುಂಬ ಗೊಬ್ಬರದ ಗುಳ್ಳೆ ಎದ್ದಾಗ ದಿನಗಟ್ಟಲೆ ಬೇವಿನ ಸೊಪ್ಪಿನಿಂದ ಗಾಳಿ ಬೀಸಿದವಳೂ ನೀನೇ.

ನಾನು ತಿಳಿದುಕೊಂಡದ್ದು ಸರಿಯೋ ತಪ್ಪೋ ನೋಡು, ತಪ್ಪಿದ್ದರೆ ತಿದ್ದು. ಎಪ್ಪತ್ನಾಲ್ಕರ ಪಂಚಮಿಗೆ ಉಡಚಪ್ಪ ಹಡಗಿನ ನೌಕರಿಯಿಂದ ಮನೆಗೆ ಬಂದಿದ್ದ. ಬಂದದ್ದು ಅದೊಂದೇ ಸಲ. ಶ್ರೀಮಂತರನ್ನು ಹೊತ್ತು ದೇಶ ದೇಶ ಸುತ್ತುವ ಹಡಗು, ಅದರಲ್ಲೊಂದು ಜೂಜಿನ ಕೋಣೆ. ಅಲ್ಲಿ ರೊಕ್ಕದ ಬದಲು ಬಿಲ್ಲೆ ಇಟ್ಟು ಆಡುತ್ತಾರೆ, ಆಟ ಮುಗಿದ ಮೇಲೆ ಬಿಲ್ಲೆ ಕೊಟ್ಟು ರೊಕ್ಕ ತೆಗೆದುಕೊಳ್ಳುತ್ತಾರೆ. ದಿನಾ ಮುಂಜಾನೆ ಆ ಬಿಲ್ಲೆಗಳನ್ನು ಒರೆಸಿ ಜೋಡಿಸಿಡುವುದು ನಮ್ಮ ಉಡಚಪ್ಪನ ಕೆಲಸ. ಪಂಚಮಿಯ ದಿನ ನಿಮ್ಮಿಬ್ಬರ ಉಡಿಯಲ್ಲಿ ಕುಬಸದ ಖಣ, ಕೊಬ್ಬರಿ ಗಿಟಕ, ಉಂಡಿ ಹಾಕಿ ಮೇಲೆ ಒಂದೊಂದು ಕೆಂಪು ಬಿಲ್ಲೆ ಇಟ್ಟ. ಅಂಚಿಗೆ ಬಿಳಿ ಪಟ್ಟೆ, ನಡುವೆ ಹೊಗೆ ಬಿಡುತ್ತಿರುವ ಹಡಗಿನ ಚಿತ್ರ. ಇದೇನೋ ಎಂದು ನೀನು ಕೇಳಿದ್ದಕ್ಕೆ ನಕ್ಕು, ‘ಹಡಗಿನ್ಯಾಗ ಇದು ರೊಕ್ಕಬೇ ಅಕ್ಕಾ, ಕೆಳಗ ಇಳದ್ರ ಬರೇ ಬಿಲ್ಲಿ’ ಅಂದಿದ್ದ. ಮೂರು ವರ್ಷಕ್ಕೆ ಸುದ್ದಿ ಬಂತು. ಜ್ವರದಲ್ಲಿ ಹೋದನಂತೆ, ಹಡಗಿನವರು ಅಲ್ಲೇ ಸಮುದ್ರಕ್ಕೆ ಬಿಟ್ಟರಂತೆ. ಮಣ್ಣು ಕೊಡಲು ನಮಗೆ ದೇಹ ಸಿಗಲಿಲ್ಲ.

ಈಗ ಹದಿನೈದು ವರ್ಷದ ಮೇಲೆ ಗುತ್ತೆವ್ವ ಮಗಳ ಲಗ್ನದ ಸಂತೆಗೆಂದು ಅಬಲೂರಿನಿಂದ ಶಿಗ್ಗಾವಿಗೆ ಹೋದಳು. ಹಳೆಯ ನಾಣ್ಯ, ಹಳೆಯ ದೀಪದ ಸಮೆ, ಹಳೆಯ ಗಡಿಯಾರ ಕೊಳ್ಳುವ ಇಸಾಕನೆಂಬವನ ಅಂಗಡಿ ಹೆದ್ದಾರಿಯ ಮೇಲಿದೆ. ಅಲ್ಲಿ ಬಿಲ್ಲೆ ತೋರಿಸಿದಳು. ಅವನು ಒಂಬೈನೂರು ರೂಪಾಯಿ ಎಣಿಸಿ ಕೊಟ್ಟ. ಅವಳು ಆ ಹಣದಲ್ಲಿ ಮಗಳಿಗೆ ಬೆಂಡೋಲೆ ಮಾಡಿಸಿದಳು. ಅದು ಕೇಳಿ ನೀನೂ ಹೋದೆ. ಮಾರಬೇಕೆಂದಲ್ಲ, ತಮ್ಮ ಕೊಟ್ಟದ್ದರ ಬೆಲೆ ಕೇಳಬೇಕೆಂದು ಹೋದೆ. ಆ ಇಸಾಕ ನಿನ್ನ ಬಿಲ್ಲೆಯನ್ನು ಬೆರಳ ತುದಿಯಿಂದ ತಿರುವಿ ಹಾಕಿ, ‘ಹತ್ತು ರೂಪಾಯಿ ಆಗತೈತಿ. ಅದೂ ನಮ್ಮ ಸವಣೂರ ಕಡೆಯವರು ಅಂತ’ ಅಂದ. ಒಂದೇ ಕೈಯಿಂದ ಬಂದ ಎರಡು ಬಿಲ್ಲೆ, ಅವಳದು ಒಂಬೈನೂರು, ನಿನ್ನದು ಹತ್ತು. ಉಡಚಪ್ಪ ಬಿಲ್ಲೆಗಳನ್ನು ಒರೆಸುವವನು, ಯಾವುದು ಹೆಚ್ಚಿನದು ಯಾವುದು ಕಡಿಮೆಯದು ಅವನಿಗೆ ಗೊತ್ತಿರಲೇಬೇಕು, ಗೊತ್ತಿದ್ದೇ ಒಳ್ಳೆಯದನ್ನು ಗುತ್ತೆವ್ವನಿಗೆ ಕೊಟ್ಟ. ನೀನು ಹೀಗೆ ಲೆಕ್ಕ ಹಾಕಿದೆ.

ನಾನೂ ಮೊದಲು ಲೆಕ್ಕ ಹಾಕಿದೆ, ಆದರೆ ನನ್ನ ಲೆಕ್ಕದಲ್ಲಿ ಕಳ್ಳನಾದವನು ಇಸಾಕ. ನಿನಗೆ ಗೊತ್ತಲ್ಲ, ಬೆಲೆಯ ವಿಷಯದಲ್ಲಿ ನನಗೆ ಯಾರ ಮೇಲೂ ವಿಶ್ವಾಸವಿಲ್ಲ. ಒಂದೇ ಹೊಲದ ಹತ್ತಿಯನ್ನು ಎರಡು ಚಕ್ಕಡಿಯಲ್ಲಿ ಪೇಟೆಗೆ ಒಯ್ದು ಎರಡು ದರ ಹೇಳಿಸಿಕೊಂಡು ಬಂದವರು ನಿಮ್ಮೂರಲ್ಲೇ ಇದ್ದಾರೆ. ಸವಣೂರಿನ ವೀಳ್ಯದೆಲೆಯ ಪೆಂಡಿ ಮುಂಜಾನೆ ಒಂದು ರೇಟು, ಬಿಸಿಲೇರಿದ ಮೇಲೆ ಇನ್ನೊಂದು. ಐವತ್ತಾರರಲ್ಲಿ ರಾಜ್ಯ ಒಂದಾದಾಗ ಅಕ್ಕಿಆಲೂರಿನ ಗಿರಣಿಯವರು ಭತ್ತದ ತೂಕದಲ್ಲಿ ಮಾಡಿದ ಕರಾಮತ್ತು ನನಗೆ ಇವತ್ತಿಗೂ ಬಾಯಿಪಾಠವಿದೆ. ಆಗ ನಾನು ಪತ್ರಿಕೆಗೆ ಬರೆದ ಪತ್ರ ಅಚ್ಚಾಗಿತ್ತು, ಗಿರಣಿಯವರು ಒಂದು ವರ್ಷ ನನ್ನ ಮುಖ ನೋಡಲಿಲ್ಲ. ಹಾಗಾಗಿ ಈ ಸಲವೂ ನ್ಯಾಯ ಕೇಳಿಯೇ ಬರಬೇಕೆಂದು, ನಿನ್ನ ಬಿಲ್ಲೆಯನ್ನು ಹೊಳೆಗೆ ಹಾಕದೆ, ಕರವಸ್ತ್ರದಲ್ಲಿ ಕಟ್ಟಿಕೊಂಡು ಶಿಗ್ಗಾವಿಯ ಬಸ್ಸು ಹತ್ತಿದೆ.

ಹೋದವನು ಜಗಳ ಮಾಡಿದೆ. ಕೂಡುವ ಮೊದಲೇ ಮಾಡಿದೆ. ಹೆಂಗಸರು ಒಬ್ಬರೇ ಬಂದರೆ ಹತ್ತು, ಜೊತೆಗೆ ಗಂಡಸರಿದ್ದರೆ ಒಂಬೈನೂರು, ಇದೇನು ನಿನ್ನ ವ್ಯಾಪಾರ ಎಂದು ಕೇಳಿದೆ. ಗುತ್ತೆವ್ವ ಅವತ್ತು ಗಂಡನ ಜೊತೆ ಹೋಗಿದ್ದಳೆಂದು ನಾನು ತಿಳಿದಿದ್ದೆ. ಇಸಾಕ ದುಂಡನೆಯ ಮನುಷ್ಯ, ಬಂಗಾರದ ಕಟ್ಟಿನ ಚಸ್ಮಾ, ಬೆರಳಿಗೊಂದು ಉಂಗುರ. ಅವನು ಸಿಟ್ಟಾಗಲಿಲ್ಲ. ‘ಕಾಕಾರ, ಮೊದಲ ಚಾ ಕುಡೀರಿ. ಬೈಯೂದು ಆಮ್ಯಾಲ ಬೈಯಾಕ ಬರತೈತಿ. ನಿಮ್ಮ ಸಣ್ಣ ತಂಗಿನೂ ಒಬ್ಬರ ಬಂದಿದ್ರು’ ಅಂದ. ಅಲ್ಲಿಗೆ ನನ್ನ ಮೊದಲ ದೂರು ಬಿದ್ದುಹೋಯಿತು.

ಆಮೇಲೆ ಅವನು ಗಾಜಿನ ಪೆಟ್ಟಿಗೆಯಿಂದ ಎರಡು ಹಸಿರು ಬಿಲ್ಲೆ ತೆಗೆದು ನನ್ನ ಮುಂದಿಟ್ಟ. ಬೇರೆ ಬೇರೆ ಜೂಜಿನ ಮನೆಗಳವು, ಹೆಸರಷ್ಟೇ ಬೇರೆ. ಮೈ, ಬಣ್ಣ, ಭಾರ ಎಲ್ಲ ಒಂದೇ. ಒಂದಕ್ಕೆ ಹದಿನೈದು, ಇನ್ನೊಂದಕ್ಕೆ ಏಳುನೂರು ಎಂದ. ನಾನು ಅಂಗೈಯಲ್ಲಿ ತೂಗಿದೆ, ಉಗುರಿನಿಂದ ಕೆರೆದೆ, ಬೆಳಕಿಗೆ ಹಿಡಿದೆ. ಏಳುನೂರರದರಲ್ಲಿ ಬಂಗಾರದ ಹುಡಿ ಕಲೆಸಿದ್ದಾರೇನೋ ಎಂದೆ. ಅವನು ಹೊಟ್ಟೆ ಕುಣಿಯುವ ಹಾಗೆ ನಕ್ಕ.

‘ಈ ಹದಿನೈದರದು ಐತಲ್ರಿ, ಇದರ ಮನಿ ಇನ್ನೂ ನಡದೈತಿ. ಯಾವಾಗ ಬೇಕಾದ್ರೂ ಹೋಗಿ ರೊಕ್ಕ ಕೊಟ್ಟು ಇಸಗೊಂಡ ಬರಬಹುದು. ಈ ಏಳುನೂರರ ಮನಿ ಮುಚ್ಚತು. ಮುಚ್ಚೂ ಮುಂದ ಇದ್ದಬದ್ದ ಬಿಲ್ಲಿ ಎಲ್ಲಾ ಮೂಟಿ ಕಟ್ಟಿ ಸಮುದ್ರಕ್ಕ ಸುರುವಿದ್ರು. ಯಾವನೋ ಒಬ್ಬ ಮರತು ಕಿಸೇದಾಗ ಇಟಗೊಂಡ ಹೋಗಿದ್ನಲ್ಲ, ಅದೊಂದ ಉಳೀತು ನೋಡ್ರಿ.’

ಯಾಕೆ ಸುರಿಯಬೇಕು ಎಂದು ಕೇಳಿದೆ. ಹೊರಗೆ ಉಳಿದ ಒಂದೊಂದು ಬಿಲ್ಲೆಯೂ ಆ ಮನೆಯ ಮೇಲಿನ ಸಾಲವಂತೆ. ನಾಳೆ ಯಾರಾದರೂ ತಂದರೆ ರೊಕ್ಕ ಕೊಡಲೇಬೇಕು. ಅದಕ್ಕೆ ಮನೆ ಮುಚ್ಚುವವರು ಸಿಕ್ಕದ್ದನ್ನೆಲ್ಲ ಅರೆಯುತ್ತಾರೆ, ಹೂಳುತ್ತಾರೆ, ನೀರಿಗೆ ಹಾಕುತ್ತಾರೆ. ಉಡಚಪ್ಪನ ಹಡಗನ್ನೂ ಎಂಬತ್ತರ ಸುಮಾರಿಗೆ ಒಡೆದು ಗುಜರಿಗೆ ಹಾಕಿದರು, ಅದಕ್ಕೂ ಮೊದಲು ಬಿಲ್ಲೆಗಳನ್ನು ನಡುನೀರಿಗೆ ಸುರಿದರು ಎಂದ.

ಮಂಜವ್ವ, ನಾನು ಚಹ ಕುಡಿಯುವುದನ್ನು ಮರೆತೆ. ಉಡಚಪ್ಪ ಮುಂಜಾನೆ ಮುಂಜಾನೆ ಒಂದೊಂದಾಗಿ ಒರೆಸಿದ ಸಾವಿರಾರು ಕೆಂಪು ಬಿಲ್ಲೆಗಳು ಸಮುದ್ರದ ತಳದಲ್ಲಿ ಹರವಿಕೊಂಡು ಬಿದ್ದಿವೆ. ಮೇಲೆ ಮೀನುಗಳು ಈಜುತ್ತವೆ. ಅವನೂ ಆ ನೀರಿನಲ್ಲೇ ಎಲ್ಲೋ ಇದ್ದಾನೆ. ಅವೆಲ್ಲ ಮುಳುಗಿದ್ದರಿಂದ ಹತ್ತಿಮತ್ತೂರಿನಲ್ಲೊಂದು, ಅಬಲೂರಿನಲ್ಲೊಂದು ಬಿಲ್ಲೆಗೆ ಬೆಲೆ ಬಂತು. ಬೆಲೆ ಎಂಬುದು ವಸ್ತುವಿನ ಒಳಗೇ ಇರುತ್ತದೆ, ಜೋಳದಲ್ಲಿ ಹಿಟ್ಟು ಇದ್ದ ಹಾಗೆ ಇರುತ್ತದೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅಲ್ಲಿ ನೋಡಿದರೆ ಅದು ಎಲ್ಲೋ ದೂರದಲ್ಲಿ, ಕಾಣದ ನೀರಿನಲ್ಲಿ, ಇದಕ್ಕೆ ಗೊತ್ತೇ ಇಲ್ಲದ ಹಾಗೆ ಹುಟ್ಟಿ ಬಂದು ಇದರ ಮೇಲೆ ಕೂತಿದೆ.

ಇಸಾಕನಿಗೆ ನನ್ನ ಮುಖ ನೋಡಿ ಹುರುಪು ಬಂತು. ಇನ್ನೂ ಹೇಳಿದ. ಸಣ್ಣ ಮೊತ್ತದ ಬಿಲ್ಲೆಯನ್ನು ಜನ ನೆನಪಿಗೆಂದು ಮನೆಗೆ ಒಯ್ಯುತ್ತಾರೆ, ಅದಕ್ಕೆ ಅವು ಬಹಳ ಉಳಿದಿವೆ. ದೊಡ್ಡ ಮೊತ್ತದ್ದನ್ನು ಯಾವ ಹುಚ್ಚನೂ ನೆನಪಿಗೆಂದು ಒಯ್ಯುವುದಿಲ್ಲ, ರೊಕ್ಕ ಮಾಡಿಕೊಂಡೇ ಏಳುತ್ತಾನೆ. ಹಾಗಾಗಿ ಒಂದೇ ಮನೆಯ ಒಂದೇ ವರ್ಷದ ಬಿಲ್ಲೆಗಳಲ್ಲೂ ಅಜಗಜಾಂತರ. ಅಮೇರಿಕದಲ್ಲಿ ಇವನ್ನು ಕೂಡಿಸುವವರು ಸಂಘ ಕಟ್ಟಿಕೊಂಡಿದ್ದಾರಂತೆ. ಒಬ್ಬನ ಸಾಲಿನಲ್ಲಿ ಒಂದೇ ಒಂದು ಬಿಲ್ಲೆ ಕಡಿಮೆ ಇದ್ದರೆ ಅವನಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಕೇಳಿದಷ್ಟು ಕೊಡುತ್ತಾನೆ. ಅವನಿಗೆ ಸಿಕ್ಕಿತೆಂದರೆ ಅಂಥದ್ದೇ ಎರಡನೆಯದನ್ನು ಯಾರೂ ಕೇಳುವುದಿಲ್ಲ. ಇದೆಲ್ಲ ಇವತ್ತಿನ ಮಾತು. ನಾಳೆ ಯಾವುದೋ ಹಳೆಯ ಮನೆಯ ಅಟ್ಟದಲ್ಲಿ ಒಂದು ಮೂಟೆ ಸಿಕ್ಕರೆ ಏಳುನೂರರದು ಹದಿನೈದಕ್ಕೆ ಬೀಳುತ್ತದೆ. ‘ಮೂಟಿ ಸಿಕ್ಕೀತು ಅನ್ನೋ ಹೆದರಿಕಿಗೆ ನಾ ಅಟ್ಟಾ ಅಂದ್ರ ಬೆವರತೇನಿ’ ಎಂದು ನಕ್ಕ.

ಆಗ ನಾನು ಕರವಸ್ತ್ರ ಬಿಚ್ಚಿ ನಿನ್ನದನ್ನು ಇಟ್ಟೆ. ಗುತ್ತೆವ್ವನದು ಇನ್ನೂ ಅವನ ಹತ್ತಿರವೇ ಇತ್ತು. ಅದನ್ನೂ ತೆಗೆಸಿದೆ. ಇಸಾಕ ಎರಡನ್ನೂ ಪಕ್ಕಪಕ್ಕ ಇಟ್ಟು ನನ್ನ ಕೈಗೆ ಭೂತಕನ್ನಡಿ ಕೊಟ್ಟ. ನಾನೇ ನೋಡಿದೆ ಮಂಜವ್ವ, ಅವನು ಹೇಳಿದ್ದನ್ನು ನಂಬಿ ಬರೆಯುತ್ತಿಲ್ಲ. ಹಡಗಿನ ಚಿಮಣಿಯಿಂದ ಏಳುವ ಹೊಗೆಯ ಗೆರೆ ಇದೆಯಲ್ಲ, ಅದು ಎರಡರಲ್ಲೂ ಒಂದೇ ಜಾಗದಲ್ಲಿ ತುಂಡಾಗಿದೆ. ಒಂದೇ ಅಚ್ಚಿನಲ್ಲಿ ಹುಟ್ಟಿದವು, ಒಂದೇ ಮೊತ್ತದವು. ಆ ಪಂಚಮಿಯ ದಿನ ಈ ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಇರಲಿಲ್ಲ. ಆಗ ಹಡಗೂ ತೇಲುತ್ತಿತ್ತು. ಎರಡಕ್ಕೂ ಕೆಳಗಿಳಿದರೆ ಬೆಲೆಯಿಲ್ಲ ಎಂದು ಅವನೇ ಅಂದಿದ್ದನಲ್ಲ. ಹಡಗು ಒಡೆದದ್ದು ಅವನು ಸತ್ತ ಮೇಲೆ. ಬೆಲೆ ಹುಟ್ಟಿದ್ದೇ ಅವನ ಹಿಂದಿನಿಂದ. ಇಲ್ಲದ ಬೆಲೆಯಲ್ಲಿ ಅವನು ಯಾರಿಗೆ ಹೆಚ್ಚು ಕೊಡಬೇಕು, ಯಾರಿಗೆ ಕಡಿಮೆ?

ಹಾಗಾದರೆ ನಿನ್ನದೇಕೆ ಹತ್ತು ರೂಪಾಯಿ ಎಂದು ಕೇಳಿದೆ. ಇಸಾಕ ನಿನ್ನ ಬಿಲ್ಲೆಯ ಮೇಲಿನ ತೂತನ್ನು ಪೆನ್ಸಿಲಿನ ಮೊನೆಯಿಂದ ತೋರಿಸಿ, ‘ಇದನ್ನ ಕೊಂದಾರ್ರಿ’ ಅಂದ.

ಕೊಲ್ಲುವುದೆಂದರೆ, ಜೂಜಿನ ಮನೆಯವರು ಹಳೆಯ ಬಿಲ್ಲೆಯನ್ನು ರದ್ದು ಮಾಡುವಾಗ ಕೆಲವು ಸಲ ಹೀಗೇ ತೂತು ಕೊರೆಯುತ್ತಾರಂತೆ. ತೂತು ಬಿದ್ದದ್ದಕ್ಕೆ ರೊಕ್ಕ ಕೊಡುವಂತಿಲ್ಲ. ಅಂಥವನ್ನು ಆಮೇಲೆ ಮಕ್ಕಳಿಗೆ ಆಡಲು ಹಂಚುತ್ತಾರೆ. ಕೂಡಿಸುವವರು ತೂತು ಕಂಡರೆ ಮುಂದೆ ನೋಡುವುದೇ ಇಲ್ಲ. ಜೊತೆಗೆ ನಿನ್ನದರ ಅಂಚು ಸವೆದಿದೆ, ಕೆಂಪು ಮಾಸಿ ಇಟ್ಟಂಗಿಯ ಬಣ್ಣಕ್ಕೆ ಬಂದಿದೆ. ಗುತ್ತೆವ್ವನದರ ಅಂಚು ಇನ್ನೂ ಬೆರಳಿಗೆ ತಾಗುವ ಹಾಗೆ ಚೂಪಾಗಿದೆ.

ನಾನು ಅವನಿಗೆ ಹೇಳಿದೆ. ಆ ತೂತು ಯಾವ ಜೂಜಿನ ಮನೆಯವರೂ ಕೊರೆದದ್ದಲ್ಲ. ತಮ್ಮ ಹೋದ ಸುದ್ದಿ ಬಂದ ವಾರ ನನ್ನ ತಂಗಿ ಸವಣೂರಿನ ಪತ್ತಾರನ ಮುಂದೆ ಕೂತು ಕೊರೆಸಿದ್ದು. ಗೋರಿ ಕಟ್ಟಿಸೋಣವೆಂದರೆ ಮಣ್ಣಿನಲ್ಲಿ ಇಡಲು ಏನೂ ಇರಲಿಲ್ಲ, ಅದಕ್ಕೆ ಅವಳು ಅದನ್ನು ಕರಿದಾರದಲ್ಲಿ ಪೋಣಿಸಿ ಗುಳದಾಳಿಯ ಜೊತೆ, ತಾಳಿಯ ಪಕ್ಕದಲ್ಲೇ, ಕೊರಳಿಗೆ ಕಟ್ಟಿಕೊಂಡಳು. ಕಳೆ ಕೀಳುವಾಗ, ಹತ್ತಿ ಬಿಡಿಸುವಾಗ, ರೊಟ್ಟಿ ಬಡಿಯುವಾಗ ಅದು ಅವಳ ಎದೆಯ ಮೇಲೇ ಇತ್ತು. ಅಂಚು ಸವೆದದ್ದು ಹಾಗೆ, ಬಣ್ಣ ಹೋದದ್ದು ಹಾಗೆ. ಇದನ್ನು ನಿನ್ನ ಅಮೇರಿಕದ ಸಂಘದವರಿಗೆ ಬರೆದು ತಿಳಿಸು ಎಂದೆ. ದನಿ ಏರಿತ್ತು ಕಾಣುತ್ತದೆ, ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

ಇಸಾಕ ಪೆನ್ಸಿಲ್ ಕೆಳಗಿಟ್ಟ. ಆಮೇಲೆ, ‘ನಾ ಬರದ್ರ ಅವರು ನಂಬಾಂಗಿಲ್ರಿ ಕಾಕಾರ. ನಂಬಿದ್ರೂ ದರಾ ಏರಾಂಗಿಲ್ಲ. ನಿಮ್ಮ ತಂಗೀಗೆ ನಾ ಹತ್ತು ರೂಪಾಯಿ ಅಂದದ್ದು ತಪ್ಪಾತು. ಕೊಳ್ಳಾಂಗಿಲ್ಲ ಅಂದಿದ್ರ ಚಲೋ ಇತ್ತು’ ಅಂದ. ಬಿಲ್ಲೆಯನ್ನು ಎರಡೂ ಕೈಯಿಂದ ನನಗೆ ಮರಳಿ ಕೊಟ್ಟ. ಬೈಯಲು ಹೋದವನು ಅವನಿಗೆ ನಮಸ್ಕಾರ ಮಾಡಿ ಎದ್ದೆ.

ಅಲ್ಲಿಂದ ಮನೆಗೆ ಬರಲಿಲ್ಲ, ಮರುದಿನ ಹಿರೇಕೆರೂರಿನಲ್ಲಿ ಬಸ್ಸು ಬದಲಿಸಿ ಅಬಲೂರಿಗೆ ಹೋದೆ. ಗುತ್ತೆವ್ವನನ್ನೂ ಕೇಳಬೇಕಿತ್ತು. ನೀನು ಕೊರಳಿಗೆ ಕಟ್ಟಿಕೊಂಡದ್ದನ್ನು ಅವಳು ಟ್ರಂಕಿನ ತಳದಲ್ಲಿ ಡಾಂಬರ ಗುಳಿಗೆಯ ಜೊತೆ ಇಟ್ಟು ಮರೆತಳಲ್ಲ ಎಂದು ನನಗೂ ಸಿಟ್ಟಿತ್ತು. ಬೇಳೆ ಹಸನು ಮಾಡುತ್ತ ಕೂತಿದ್ದಳು. ಮೊರ ಬದಿಗಿಟ್ಟು ಹೇಳಿದಳು: ‘ಮರತಿಲ್ಲೋ ಯಣ್ಣಾ. ಕಣ್ಣಿಗೆ ಬಿದ್ರ ನನಗ ಆ ದಿನ ಕೆಲಸ ಆಗತಿದ್ದಿಲ್ಲ. ಅದಕ್ಕ ತಳಕ್ಕ ಹಾಕಿದ್ದೆ. ಅವನ ರೊಕ್ಕದಾಗ ಅವನ ಸೊಸಿ ಕಿವಿಗೆ ಏನರ ಇರಲಿ ಅಂತ ಮಾರಿದೆ. ಅಕ್ಕಗ ಹೇಳಿ ಮಾಡಬೇಕಿತ್ತು.’ ಇಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡಳು, ಆದರೆ ಕಲ್ಲು ಆರಿಸುವುದು ಬಿಟ್ಟು ಬೇಳೆ ಆರಿಸಿ ಒಗೆಯುತ್ತಿದ್ದಳು. ಮದುಮಗಳು ಒಳಗಿನಿಂದ ಬಂದು, ದೊಡ್ಡವ್ವ ಬಂದು ಮೊದಲ ಅರಿಶಿಣ ಹಚ್ಚದಿದ್ದರೆ ತಾನು ಹಸೆಯ ಮೇಲೆ ಕೂಡುವುದಿಲ್ಲ ಎಂದು ನನಗೆ ನೇರವಾಗಿ ಹೇಳಿದಳು. ಹಟದಲ್ಲಿ ಥೇಟ್ ನಿನ್ನ ಹಾಗೆ.

ಆದ್ದರಿಂದ ನನ್ನ ಮಾತು ಕೇಳು. ಒಬ್ಬಳು ಕಣ್ಣಿಗೆ ಬೀಳದ ಹಾಗೆ ಇಟ್ಟಳು, ಒಬ್ಬಳು ಮೈಮೇಲಿಂದ ಇಳಿಸಲೇ ಇಲ್ಲ. ಪೇಟೆಗೆ ಬೇಕಾದದ್ದು ಯಾರೂ ಮುಟ್ಟದ ಬಿಲ್ಲೆ, ಅದು ತನಗೆ ಬೇಕಾದ ಬೆಲೆ ಹೇಳಿತು. ಉಡಚಪ್ಪ ಹೇಳಬೇಕಾದದ್ದನ್ನು ಅವನ ಕೈಗಳೇ ಹೇಳಿವೆ, ಇಬ್ಬರ ಉಡಿಗೂ ಒಂದೇ ಸಮ ಇಟ್ಟ ಕೈಗಳು. ಅದಕ್ಕೆ ನಾನು ಕಣ್ಣಾರೆ ಕಂಡ ಆ ತುಂಡಾದ ಹೊಗೆಯ ಗೆರೆ ಸಾಕ್ಷಿ. ಬಸವ ಜಯಂತಿಯ ಮರುದಿನ ಲಗ್ನ. ಭಾವನವರಿಗೂ ನನ್ನ ಪರವಾಗಿ ಹೇಳು. ನಾನು ಹಿಂದಿನ ದಿನವೇ ಹತ್ತಿಮತ್ತೂರಿಗೆ ಬರುತ್ತೇನೆ, ಕೂಡಿಯೇ ಹೋಗೋಣ. ನಿನ್ನ ಬಿಲ್ಲೆಯನ್ನು ಅದೇ ಅರಿವೆಯಲ್ಲಿ ಹೊಲಿದು ಇದರ ಜೊತೆ ಇಟ್ಟಿದ್ದೇನೆ. ದಾರ ಹಳೆಯದಾಗಿತ್ತು, ನಿನ್ನ ಅತ್ತಿಗೆ ಹೊಸ ಕರಿದಾರ ಹಾಕಿದ್ದಾಳೆ. ಕಟ್ಟಿಕೋ.

ನಿನ್ನ ಕೊರಳು, ನಿನ್ನ ಒಲೆ, ನಿನ್ನ ಮಕ್ಕಳು ಮರಿ ಎಲ್ಲ ತಂಪಾಗಿರಲಿ. ಇದು ನಿನ್ನ ಅತ್ತಿಗೆಯ ಹಾರೈಕೆಯೂ ಹೌದು.

ಇಂತಿ ನಿನ್ನ ಅಣ್ಣ,
ಗಿರಿಯಪ್ಪ

ತಾ. ಕ.: ಇಷ್ಟಕ್ಕೆ ಲಕೋಟೆ ಅಂಟಿಸಬೇಕೆಂದಿದ್ದೆ, ಆಗಲಿಲ್ಲ. ಇದನ್ನು ನೀನೊಬ್ಬಳೇ ಓದು.

ಆ ದಿನ ನಾನು ಅಂಗಡಿಯ ಮೆಟ್ಟಿಲು ಇಳಿಯುವಾಗ ಇಸಾಕ ಹಿಂದಿನಿಂದ ಕೂಗಿ, ಉಡಚಪ್ಪ ಎತ್ತರಕ್ಕೆ, ತೆಳ್ಳಗೆ, ಎಡಗಿವಿಗೆ ಮಾತ್ರ ಒಂಟಿ ಹಾಕುತ್ತಿದ್ದನೇ ಎಂದು ಕೇಳಿದ. ಹೌದೆಂದೆ. ಆಗ ಅವನು ಹೇಳಿದ್ದು ಇದು. ಎಪ್ಪತ್ನಾಲ್ಕರಲ್ಲಿ ಅವನದು ಶಿಗ್ಗಾವಿ ಬಸ್ ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿಯ ಡಬ್ಬಿ ಅಂಗಡಿ. ಪಂಚಮಿ ಕಳೆದ ಮೇಲೆ ಪುಣೆಯ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹಡಗಿನವನು ಕೈಗಡಿಯಾರಕ್ಕೆ ಹೊಸ ಪಟ್ಟಿ ಹಾಕಿಸಿಕೊಂಡು, ಕಿಸೆಯಿಂದ ಕೆಂಪು ಬಿಲ್ಲೆಯೊಂದನ್ನು ತೆಗೆದು, ಪಟ್ಟಿಯ ರೊಕ್ಕದ ಬದಲು ಇದನ್ನು ಇಟ್ಟುಕೋ ಎಂದನಂತೆ. ಇಸಾಕ ಬೇಡವೆಂದ. ಅದಕ್ಕೆ ಅವನು, ‘ಇಟಗೋರಿ. ನಮ್ಮ ಅಣ್ಣಗಂತ ತಂದಿದ್ದೆ. ಕೊಡಾಕ ಆಗಲಿಲ್ಲ’ ಅಂದನಂತೆ. ಮುಂದೆ ಎಂಟು ಹತ್ತು ವರ್ಷಕ್ಕೆ ಒಬ್ಬ ವಿದೇಶಿ ಅದನ್ನು ಬೇಡಿದ ಬೆಲೆಗೆ ಕೊಂಡೊಯ್ದ. ಇಸಾಕ ಬಿಲ್ಲೆಯ ವ್ಯಾಪಾರಕ್ಕೆ ಇಳಿದದ್ದೇ ಅದರಿಂದ. ಎಷ್ಟಕ್ಕೆ ಹೋಯಿತೆಂದು ಅವನು ಹೇಳಲು ಬಂದ, ನಾನು ಬೇಡವೆಂದೆ.

ಐವತ್ತಾರರ ಭತ್ತದ ತೂಕ ನನಗೆ ನೆನಪಿದೆ. ಆ ಪಂಚಮಿಯಲ್ಲಿ ಒಂದೇ ಜಗುಲಿಯ ಮೇಲೆ ಕೂತು ದಿನಾ ಉಂಡೆವು, ಏನು ಉಂಡೆವೆಂದೂ ನೆನಪಿದೆ. ಅವನು ಅದನ್ನು ಕಿಸೆಯಲ್ಲಿಟ್ಟುಕೊಂಡೇ ಓಡಾಡಿರಬೇಕು. ಯಾವ ಹೊತ್ತಿಗೆ ಕೊಡಲು ಬಂದ, ಆಗ ನಾನು ಏನು ಮಾತಾಡುತ್ತಿದ್ದೆ, ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಹೋಗುವ ದಿನ ಊರ ಬಾಗಿಲ ಅಗಸಿಯ ತನಕ ಅವನನ್ನು ಕಳಿಸಿ ಬಂದವಳು ನೀನು. ನನ್ನ ವಿಷಯ ಏನಾದರೂ ಅಂದನೇ? ಅಂದಿದ್ದರೆ ಲಗ್ನಕ್ಕೆ ಬಂದಾಗ ನನಗೊಬ್ಬನಿಗೇ ಹೇಳು. ಅಂದಿರದಿದ್ದರೆ ಅದನ್ನೂ ಹೇಳು. ನನ್ನ ಸಮಾಧಾನಕ್ಕೆಂದು ಮಾತ್ರ ಏನನ್ನೂ ಹೇಳಬೇಡ.